ನಮ್ಮೂರಿಗೆ ಕಸ ಬಂದದ್ದು ಯಾವಾಗ? ನರಿಕೊಂಬಿನ ಕಥೆ, ಹತ್ತು ಭಾಗಗಳಲ್ಲಿ

ಭಾಗ 1: ಸೇತುವೆಯಿಂದ ಬಿಸಾಡಿದ ಚೀಲ

ಮೊದಲೇ ಒಂದು ತಪ್ಪು ಒಪ್ಪಿಕೊಳ್ತೇನೆ, ಮತ್ತೆ ಉಳಿದದ್ದು ಹೇಳ್ತೇನೆ.

ನಾನು ಪಿಯುಸಿಯಲ್ಲಿದ್ದಾಗ ತಮ್ಮನ ಬರ್ತ್‌ಡೇ ಇತ್ತು. ಮನೆ ತುಂಬ ಜನ. ಮರುದಿನ ನೋಡಿದ್ರೆ ಪ್ಲಾಸ್ಟಿಕ್ ಗ್ಲಾಸು, ಥರ್ಮಾಕೋಲ್ ತಟ್ಟೆ, ಚಿಪ್ಸ್ ಪ್ಯಾಕೆಟ್ಟು, ಎರಡು ಚೀಲ ಕಸ. ಗುಜರಿಯವರು ಅದನ್ನು ಮುಟ್ಟುವುದಿಲ್ಲ. ಒಂದು ಚೀಲವನ್ನು ಅಜ್ಜಿ ಬಚ್ಚಲೊಲೆಗೆ ಹಾಕಿದ್ರು. ಇನ್ನೊಂದು ಚೀಲ ಹಿಡ್ಕೊಂಡು ನಾನು ಅಪ್ಪನ ಸ್ಕೂಟರಿನ ಹಿಂದೆ ಕೂತೆ. ಬಿ.ಸಿ.ರೋಡಿಗೆ ಹೋಗುವಾಗ ಪಾಣೆಮಂಗಳೂರಿನ ಹಳೇ ಸೇತುವೆ ಮೇಲೆ ಅಪ್ಪ ಸ್ವಲ್ಪ ನಿಧಾನ ಮಾಡಿದ್ರು. ನಾನು ಬಿಸಾಡಿದೆ. ಚೀಲ ನೀರಿಗೆ ಬಿದ್ದು ಒಂದು ಸುತ್ತು ತಿರುಗಿ ಪಡುವಣಕ್ಕೆ ಹೋಯ್ತು.

ಯಾರೂ ನೋಡಲಿಲ್ಲ. ನೋಡಿದ್ದರೂ ಬೈಯುವವರು ಯಾರೂ ಇರಲಿಲ್ಲ ಅನ್ನಿಸ್ತದೆ, ಯಾಕಂದ್ರೆ ಎಲ್ರೂ ಮಾಡುವುದೇ ಅದು.

ಈಗ ನಾನು ಬಿಕಾಂ ಮಾಡ್ತಾ ಇದ್ದೇನೆ. ಒಂದು ಅಸೈನ್‌ಮೆಂಟಿಗೋಸ್ಕರ ನಮ್ಮ ಪಂಚಾಯತ್ ಬಗ್ಗೆ ಓದ್ಲಿಕ್ಕೆ ಶುರು ಮಾಡಿದೆ. ಅಸೈನ್‌ಮೆಂಟ್ ಮುಗಿಯಿತು, ಓದುವುದು ಮುಗಿಯಲಿಲ್ಲ. ಆ ಚೀಲ ಎಲ್ಲಿಗೆ ಹೋಯ್ತು ಅಂತ ಗೊತ್ತಾಯ್ತು. ಅದು ನನ್ನ ಕೈಗೆ ಹೇಗೆ ಬಂತು ಅಂತ ಸಹ ಗೊತ್ತಾಯ್ತು. ಅದನ್ನೇ ನಿಮಗೆ ಹೇಳುವುದು.

ಉದ್ದ ಉಂಟು. ಬಸ್ಸಲ್ಲಿ ಕೂತು ಓದಿ, ಸೇವ್ ಮಾಡಿಟ್ಕೊಳ್ಳಿ.

ಭಾಗ 2: ಕಸ ಇಲ್ಲದ ಕಾಲ

ನಿಮ್ಮ ಅಜ್ಜ ಅಜ್ಜಿಯತ್ರ ಒಂದು ಪ್ರಶ್ನೆ ಕೇಳಿ ನೋಡಿ: "ನೀವು ಸಣ್ಣದಿರುವಾಗ ಮನೆಯ ಕಸ ಎಲ್ಲಿಗೆ ಹಾಕ್ತಾ ಇದ್ರಿ?" ನನ್ನ ಅಜ್ಜಿಗೆ ಪ್ರಶ್ನೆಯೇ ಅರ್ಥ ಆಗ್ಲಿಲ್ಲ. "ಎಂತ ಕಸ? ಗುಡಿಸಿದ್ದಾ?" ಅಂತ ಕೇಳಿದ್ರು.

ಅವರ ಕಾಲದಲ್ಲಿ ಮನೆಯಿಂದ ಹೊರಗೆ ಹೋಗುವುದೆಲ್ಲ ಹಟ್ಟಿಗೋ ಗೊಬ್ಬರದ ಗುಂಡಿಗೋ ಹೋಗ್ತಿತ್ತು. ಗುಡ್ಡೆಯಿಂದ ಸೊಪ್ಪು ತಂದು ದನದ ಕಾಲಡಿಗೆ ಹಾಕುವುದು, ಅದು ಸೆಗಣಿ ಗಂಜಳ ಸೇರಿ ಗೊಬ್ಬರ ಆಗುವುದು, ಅದನ್ನು ಹೊತ್ತು ಗದ್ದೆಗೂ ತೋಟಕ್ಕೂ ಹಾಕುವುದು. ನಮ್ಮ ಜಿಲ್ಲೆಯಲ್ಲಿ 'ಕುಮ್ಕಿ' ಅಂತ ಕೇಳಿರ್ತೀರಿ, ಜಾಗದ ಜಗಳ ಬಂದಾಗೆಲ್ಲ ಆ ಶಬ್ದ ಬರ್ತದೆ. ಅದರ ಹಿಂದೆ ಇದ್ದದ್ದು ಇದೇ ಲೆಕ್ಕ. ನಾವು ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ವರ್ಗ ಜಮೀನಿಗೆ ತಾಗಿ 100 ಗಜದೊಳಗಿನ ಸರ್ಕಾರಿ ಜಾಗದಿಂದ ಸೊಪ್ಪು, ಸೌದೆ ತೆಗೆಯುವ ಸವಲತ್ತು ಕೃಷಿಕರಿಗೆ ಇತ್ತು. ಸೊಪ್ಪಿಲ್ಲದಿದ್ರೆ ಗೊಬ್ಬರ ಇಲ್ಲ, ಗೊಬ್ಬರ ಇಲ್ಲದಿದ್ರೆ ಬೆಳೆ ಇಲ್ಲ ಅಂತ ಬ್ರಿಟಿಷ್ ಸರ್ಕಾರಕ್ಕೂ ಗೊತ್ತಿತ್ತು.

ಅಡಿಕೆ ಹಾಳೆಯಿಂದ ಮುಟ್ಟಾಳೆ, ಮಡಲಿನಿಂದ ತಟ್ಟಿ, ಗೆರಟೆಯಿಂದ ಸೌಟು, ಬಾಳೆಲೆಯಲ್ಲಿ ಊಟ. ಊಟ ಆದ ಮೇಲೆ ಎಲೆ ದನಕ್ಕೆ. ಒಡೆದ ಮಡಕೆಯೂ ಮಣ್ಣೇ.

ಆ ಕಾಲ ಚಂದ ಇತ್ತು ಅಂತ ಹೇಳ್ಲಿಕ್ಕೆ ನಾನು ಹೊರಟಿಲ್ಲ. ಸೊಪ್ಪು ಹೊತ್ತವರು, ಗೊಬ್ಬರ ಹೊತ್ತವರು ಯಾರು, ಅವರಿಗೆ ಸಿಕ್ಕಿದ ಕೂಲಿ ಎಷ್ಟು ಅಂತ ಕೇಳಿದ್ರೆ ಅಜ್ಜಿಯೂ ಸುಮ್ಮನಾಗ್ತಾರೆ. ಶೌಚಾಲಯ ಹೆಚ್ಚಿನ ಮನೆಗಳಲ್ಲಿ ಇರಲಿಲ್ಲ. ಆದ್ರೆ ಒಂದು ಮಾತು ನಿಜ: ಎಲ್ಲಿಗೂ ಸೇರದ ವಸ್ತು ಅಂತ ಮನೆಯಲ್ಲಿ ಎಂತದ್ದೂ ಇರಲಿಲ್ಲ. ಅದಕ್ಕೇ ಕಸದ ಬಗ್ಗೆ ಯೋಚಿಸುವ ಅಭ್ಯಾಸ ನಮ್ಮ ಮನೆಗಳಿಗೆ ಬರಲಿಲ್ಲ. ಹಿತ್ತಿಲಿಗೆ ಬಿಸಾಡಿದ್ರೆ ಮಣ್ಣು ತಿಂತದೆ, ಒಲೆಗೆ ಹಾಕಿದ್ರೆ ಬೂದಿ ಆಗ್ತದೆ, ಹೊಳೆಗೆ ಹಾಕಿದ್ರೆ ಮೀನು ತಿಂತದೆ. ಆಗ ಅದು ಸರಿಯೇ ಇತ್ತು.

ಭಾಗ 3: ಒಂದು ರೂಪಾಯಿಯ ಪ್ಯಾಕೆಟ್ಟು

ಬಿಕಾಂ, ಬಿಬಿಎ ಮಕ್ಕಳೇ, ಇದು ನಿಮಗೆ. ಮಾರ್ಕೆಟಿಂಗ್ ಕ್ಲಾಸಲ್ಲಿ ಶಾಂಪೂ ಸ್ಯಾಶೆಯ ಕಥೆ ಕೇಳಿರ್ತೀರಿ. 1980ರ ದಶಕದಲ್ಲಿ ತಮಿಳುನಾಡಿನ ಕಡಲೂರು ಕಡೆಯ ಸಣ್ಣ ಉದ್ಯಮಿಗಳು ಶಾಂಪೂವನ್ನು ಪುಟ್ಟ ಪ್ಯಾಕೆಟ್ಟಲ್ಲಿ ತುಂಬಿಸಿ ಮಾರಿದ್ರು. ಬಾಟ್ಲಿ ತೆಗೆಯಲು ದುಡ್ಡಿಲ್ಲದವರು ಸಹ ಶಾಂಪೂ ಹಾಕಿಕೊಂಡರು. ದೊಡ್ಡ ಕಂಪನಿಗಳು ಬೆನ್ನಿಗೇ ಬಂದವು. ಆಮೇಲೆ ಕಾಫಿಪುಡಿ, ಉಪ್ಪಿನಕಾಯಿ, ಗುಟ್ಕಾ, ಚಿಪ್ಸ್ ಎಲ್ಲ ಆ ದಾರಿಯಲ್ಲೇ ಬಂತು.

ನಮ್ಮ ಪಾಠದಲ್ಲಿ ಇದು ದೊಡ್ಡ ಸಕ್ಸಸ್ ಸ್ಟೋರಿ. ಸುಳ್ಳಲ್ಲ. ಬೀಡಿ ಕಟ್ಟಿ ವಾರಕ್ಕೊಮ್ಮೆ ದುಡ್ಡು ಕಾಣುವ ಮನೆಗೆ ಸಣ್ಣ ಪ್ಯಾಕೆಟ್ಟೇ ಸರಿ. ಆದ್ರೆ ಖಾಲಿ ಪ್ಯಾಕೆಟ್ ಎಲ್ಲಿಗೆ ಹೋಗ್ತದೆ ಅಂತ ಆ ಪಾಠದಲ್ಲಿ ಒಂದು ಸಾಲೂ ಇಲ್ಲ. ನಾನು ಹುಡುಕಿ ನೋಡಿದ್ದೇನೆ.

ಗುಜರಿಯವರು ಕಬ್ಬಿಣ ತೆಗೋತಾರೆ, ಪೇಪರ್, ಬಾಟ್ಲಿ, ರಟ್ಟು ತೆಗೋತಾರೆ. ಅದಕ್ಕೆ ಬೆಲೆ ಉಂಟು. ಚಿಪ್ಸ್ ಪ್ಯಾಕೆಟ್ಟಲ್ಲಿ ಪ್ಲಾಸ್ಟಿಕ್ಕು, ಅಲ್ಯೂಮಿನಿಯಂ ಎಲ್ಲ ಪದರ ಪದರವಾಗಿ ಅಂಟಿಕೊಂಡಿರ್ತದೆ. ಬಿಡಿಸ್ಲಿಕ್ಕೆ ಆಗುವುದಿಲ್ಲ, ಹಾಗಾಗಿ ಕರಗಿಸಿ ಹೊಸದು ಮಾಡ್ಲಿಕ್ಕೂ ಕಷ್ಟ. ಕಿಲೋಗೆ ಇಷ್ಟು ಅಂತ ಕೊಡುವವರಿಲ್ಲ.

ಹೀಗೆ ನಮ್ಮ ಮನೆಗೆ ಮೊದಲ ಬಾರಿ ಎಲ್ಲಿಗೂ ಸೇರದ ವಸ್ತು ಬಂತು. ಅದಕ್ಕೆ ಹೊಸ ದಾರಿ ಬೇಕಿತ್ತು. ನಾವು ಹಳೇ ದಾರಿಯನ್ನೇ ಹಿಡಿದೆವು: ಹಿತ್ತಿಲು, ಒಲೆ, ಹೊಳೆ. ಬಚ್ಚಲೊಲೆಯಲ್ಲಿ ಪ್ಲಾಸ್ಟಿಕ್ ಸುಟ್ಟರೆ ಬೂದಿ ಮಾತ್ರ ಆಗುವುದಲ್ಲ, ಡಯಾಕ್ಸಿನ್‌ನಂತಹ ವಿಷವೂ ಹುಟ್ಟಬಹುದು. ಆ ಹೊಗೆಯನ್ನು ಮೊದಲು ಕುಡಿಯುವುದು ನೀರು ಕಾಯಿಸುವ ಅಮ್ಮ, ಅಜ್ಜಿ.

ಭಾಗ 4: ನೀರ್ ಸಾಬರ ಪಂಚಾಯತ್

ಇನ್ನು ಸ್ವಲ್ಪ ರಾಜಕೀಯ ಚರಿತ್ರೆ. ಓಡಿಹೋಗ್ಬೇಡಿ ಮಾರಾಯ್ರೆ.

ಕಸ ಯಾರ ಕೆಲಸ? "ಪಂಚಾಯತ್‌ನವರದ್ದು" ಅಂತೀರಿ. ಆದ್ರೆ ಕೆಲಸ ಮಾಡ್ಲಿಕ್ಕೆ ಅಧಿಕಾರ, ದುಡ್ಡು ಇರುವ ಪಂಚಾಯತ್ ನಮಗೆ ಸಿಕ್ಕಿ ಹೆಚ್ಚು ಕಾಲ ಆಗ್ಲಿಲ್ಲ. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಆಗಿದ್ದಾಗ ಗ್ರಾಮೀಣಾಭಿವೃದ್ಧಿ ಮಂತ್ರಿ ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಬೋರ್‌ವೆಲ್ ಹಾಕಿಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಅಂತ ಕರೆದರು. 1983ರ ಕಾಯ್ದೆಯಿಂದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತ್ ಬಂದವು. 1987ರಲ್ಲಿ ಚುನಾವಣೆ ನಡೆಯಿತು. ಹೆಂಗಸರಿಗೆ ಶೇಕಡ 25 ಸೀಟು ಮೀಸಲು. ಇಡೀ ದೇಶಕ್ಕೆ ಮಾದರಿ ಆದ ಕೆಲಸ ಇದು. ಮಾರನೇ ವರ್ಷ, 1988ರಲ್ಲಿ, ನಜೀರ್ ಸಾಬ್ ತೀರಿಕೊಂಡರು.

ಆಮೇಲೆ ಸಂವಿಧಾನದ 73ನೇ ತಿದ್ದುಪಡಿ, ಅದರ ಬೆನ್ನಿಗೆ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ 1993. ಈಗಿನ ಗ್ರಾಮ ಪಂಚಾಯತ್ ನಿಂತಿರುವುದು ಇದರ ಮೇಲೆ. ಊರಿನ ನೈರ್ಮಲ್ಯ ಪಂಚಾಯತ್‌ನ ಕೆಲಸ ಅಂತ ಈ ಕಾಯ್ದೆ ಹೇಳ್ತದೆ. ಮತದಾರರ ಪಟ್ಟಿಯಲ್ಲಿ ಹೆಸರು ಇರುವವರೆಲ್ಲ ಕೂತು ಪ್ರಶ್ನೆ ಕೇಳುವ ಗ್ರಾಮ ಸಭೆಯೂ ಇದರಲ್ಲಿ ಉಂಟು. ಈ ಗ್ರಾಮ ಸಭೆಯನ್ನು ನೆನಪಿಟ್ಕೊಳ್ಳಿ, ಕೊನೆಗೆ ಬೇಕು.

ಆದ್ರೆ ಆಗ 'ನೈರ್ಮಲ್ಯ' ಅಂದ್ರೆ ಮುಖ್ಯವಾಗಿ ಶೌಚಾಲಯ ಮತ್ತು ಚರಂಡಿ. 2003ರಲ್ಲಿ ಕೇಂದ್ರ ಸರ್ಕಾರ ನಿರ್ಮಲ ಗ್ರಾಮ ಪುರಸ್ಕಾರ ಶುರು ಮಾಡಿತು. ಪೂರ್ತಿ ಶೌಚಾಲಯ ಆದ ಊರಿಗೆ ಬಹುಮಾನ. ನಮ್ಮ ಅಮ್ಮಂದಿರ ಸ್ವಸಹಾಯ ಗುಂಪುಗಳ ಮೀಟಿಂಗಲ್ಲಿ ಶೌಚಾಲಯದ ಮಾತು ನಡೆದದ್ದು ಆ ಕಾಲದಲ್ಲೇ. ಗುಂಡಿ ತೋಡಿ, ಗೋಡೆ ಕಟ್ಟಿ ಆಯ್ತು ಅಂದ್ರೆ ಆ ಕೆಲಸ ಮುಗಿಯಿತು. ಕಸ ಹಾಗಲ್ಲ, ದಿನಾ ಬೆಳಿಗ್ಗೆ ಹೊಸತಾಗಿ ಶುರು ಆಗ್ತದೆ. ದಿನಾ ನಡೆಯುವ ಕೆಲಸಕ್ಕೆ ದಿನಾ ದುಡ್ಡು ಬೇಕು.

ಭಾಗ 5: ಒಬ್ಬ ಹೆಂಗಸು ಕೋರ್ಟಿಗೆ ಹೋದದ್ದು

1994ರಲ್ಲಿ ಗುಜರಾತಿನ ಸೂರತ್‌ನಲ್ಲಿ ಪ್ಲೇಗ್ ಬಂತು. ಲಕ್ಷಗಟ್ಟಲೆ ಜನ ಊರು ಬಿಟ್ಟು ಓಡಿದ್ರು. ಬೀದಿಯಲ್ಲಿ ಕೊಳೆಯುವ ಕಸ ಜೀವ ತೆಗೆಯಬಹುದು ಅಂತ ದೇಶಕ್ಕೆ ಆಗ ಹೆದರಿಕೆ ಹುಟ್ಟಿತು.

ಅದೇ ಕಾಲಕ್ಕೆ ಬೆಂಗಳೂರಿನ ಹೊರಗೆ ಇದ್ದ ಆಲ್ಮಿತ್ರಾ ಪಟೇಲ್ ಅನ್ನುವ ಇಂಜಿನಿಯರ್ ತಮ್ಮ ಊರಿನ ಹತ್ತಿರ ನಗರದ ಕಸ ತಂದು ಸುರಿಯುವುದನ್ನು ಕಂಡು ಸುಮ್ಮನೆ ಕೂರಲಿಲ್ಲ. 1996ರಲ್ಲಿ ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದ್ರು. ಅದರಿಂದಾಗಿ ಒಂದು ಸಮಿತಿ ಆಯ್ತು, ಅದರ ವರದಿ ಬಂತು, 2000ದಲ್ಲಿ ದೇಶಕ್ಕೆ ಮೊದಲ ಬಾರಿ ಕಸದ ನಿಯಮಗಳು ಬಂದವು. ಮನೆಯಿಂದಲೇ ಸಂಗ್ರಹ ಮಾಡಿ, ಬೇರ್ಪಡಿಸಿ, ಗೊಬ್ಬರ ಮಾಡಿ, ಉಳಿದದ್ದನ್ನು ಮಾತ್ರ ಹೂಳಿ ಅಂತ. ಇವತ್ತು ನಮ್ಮ ಬಾಗಿಲಿಗೆ ಗಾಡಿ ಬರ್ತದಲ್ಲ, ಅದರ ಹಿಂದೆ ಈ ಹೆಂಗಸು ವರ್ಷಗಟ್ಟಲೆ ಕೋರ್ಟಿಗೆ ಅಲೆದದ್ದು ಉಂಟು.

ಆದ್ರೆ ಒಂದು ಕೊರತೆ: ಆ ನಿಯಮಗಳು ನಗರಗಳಿಗೆ ಮಾತ್ರ. ಪುರಸಭೆ, ನಗರಸಭೆ, ಮಹಾನಗರಪಾಲಿಕೆ. ಹಳ್ಳಿಯಲ್ಲಿ ಕಸ ಉಂಟು ಅಂತ 2000ದಲ್ಲಿ ಯಾರೂ ಲೆಕ್ಕ ಹಾಕಲಿಲ್ಲ. ಸ್ಯಾಶೆ ಮಾತ್ರ ಹಳ್ಳಿಗೆ ಯಾವಾಗಲೋ ಬಂದಾಗಿತ್ತು.

ಭಾಗ 6: ನಾವು ಹಳ್ಳಿಯಾ, ಪೇಟೆಯಾ?

ಇಲ್ಲಿಂದ ನಮ್ಮ ನರಿಕೊಂಬು ಬರ್ತದೆ.

ನಕ್ಷೆ ಗೊತ್ತಿಲ್ಲದವರಿಗೆ: ನೇತ್ರಾವತಿಯ ಆಚೆ ದಡದಲ್ಲಿ ಬಂಟ್ವಾಳ ಪೇಟೆ, ಬಿ.ಸಿ.ರೋಡ್. ಈಚೆ ದಡದಲ್ಲಿ ಪಾಣೆಮಂಗಳೂರು, ಅದರ ಪಕ್ಕದಲ್ಲಿ ನಾವು. ಪಂಚಾಯತ್‌ನ ಹೆಸರು ನರಿಕೊಂಬು, ಶಂಭೂರು ಸಹ ನಮ್ಮೊಟ್ಟಿಗೇ.

ಆಡಳಿತ ಮಾಡುವುದು ಗ್ರಾಮ ಪಂಚಾಯತ್. ಆದ್ರೆ ಜನಗಣತಿಯವರ ಪಟ್ಟಿಯಲ್ಲಿ ನರಿಕೊಂಬು 'ಗಣತಿ ಪಟ್ಟಣ'. ಅದಕ್ಕೆ ಮೂರು ಲೆಕ್ಕ. ಜನಸಂಖ್ಯೆ 5,000ಕ್ಕಿಂತ ಕಮ್ಮಿ ಇರಬಾರದು. ಒಂದು ಚದರ ಕಿಲೋಮೀಟರಿಗೆ 400 ಜನ ಆದ್ರೂ ಇರಬೇಕು. ಮುಖ್ಯವಾಗಿ ದುಡಿಯುವ ಗಂಡಸರಲ್ಲಿ ನಾಲ್ಕರಲ್ಲಿ ಮೂರು ಪಾಲು ಕೃಷಿ ಬಿಟ್ಟು ಬೇರೆ ಕೆಲಸದಲ್ಲಿರಬೇಕು. ಹೌದು, ಗಂಡಸರು ಮಾತ್ರ. ಮನೆಯಲ್ಲಿ ಕೂತು ಬೀಡಿ ಕಟ್ಟುವ ಹೆಂಗಸರು ಈ ಲೆಕ್ಕದಲ್ಲಿ ಬರುವುದೇ ಇಲ್ಲ.

ಅಂದ್ರೆ ನಾವು ಬದುಕುವುದು, ಖರೀದಿ ಮಾಡುವುದು, ಬಿಸಾಡುವುದು ಪೇಟೆಯವರ ಹಾಗೆ. ನಮ್ಮನ್ನು ನೋಡಿಕೊಳ್ಳುವ ಆಫೀಸು, ಅದರ ಸಿಬ್ಬಂದಿ, ಅದರ ಆದಾಯ ಹಳ್ಳಿಯ ಹಾಗೆ. ಹಟ್ಟಿ ಹೋಗಿ ಕಾರ್ ಶೆಡ್ ಬಂದಿದೆ. ಪೌರಕಾರ್ಮಿಕರ ದಂಡು ಬಂದಿಲ್ಲ.

2014ರ ಅಕ್ಟೋಬರ್ 2ಕ್ಕೆ ಸ್ವಚ್ಛ ಭಾರತ ಶುರು ಆಯ್ತು. 2016ರಲ್ಲಿ ಘನತ್ಯಾಜ್ಯ ನಿಯಮಗಳು ಹೊಸದಾಗಿ ಬಂದವು, ಅದರಲ್ಲಿ ಮೊದಲ ಬಾರಿ ಗಣತಿ ಪಟ್ಟಣಗಳ ಪಂಚಾಯತ್‌ಗಳನ್ನೂ ಸೇರಿಸಿದ್ರು. 2020ರಲ್ಲಿ ಗ್ರಾಮೀಣ ಸ್ವಚ್ಛ ಭಾರತದ ಎರಡನೇ ಹಂತ, ಅದರ ಮುಖ್ಯ ವಿಷಯಗಳಲ್ಲಿ ಒಂದು ಕಸ. ಅಷ್ಟರಲ್ಲಿ ನಾವು ಹೊಳೆಗೆ ಎಷ್ಟು ಚೀಲ ಹಾಕಿದ್ದೇವೋ.

ಭಾಗ 7: ಪಚ್ಚನಾಡಿಯಲ್ಲಿ ಗುಡ್ಡ ಜಾರಿದ ದಿನ

"ದೂರ ಎಲ್ಲಾದ್ರೂ ಕೊಂಡೋಗಿ ಹಾಕಿದ್ರೆ ಆಯ್ತಲ್ಲ?" ಅಂತ ನಿಮಗೆ ಅನ್ನಿಸಬಹುದು. ದೂರ ಅಂದ್ರೆ ಇನ್ನೊಬ್ಬರ ಹತ್ತಿರ.

ಮಂಗಳೂರಿನ ಕಸ ಹೋಗುವುದು ಪಚ್ಚನಾಡಿಗೆ. ವರ್ಷಗಟ್ಟಲೆ ಸುರಿದು ಅಲ್ಲಿ ಒಂದು ಗುಡ್ಡವೇ ಆಗಿತ್ತು. 2019ರ ಆಗಸ್ಟಿನ ಮಳೆಗೆ ಆ ಕಸದ ಗುಡ್ಡ ಜಾರಿತು. ಕೆಳಗಿನ ಮಂದಾರ ಅನ್ನುವ ಜಾಗಕ್ಕೆ ನಿಧಾನವಾಗಿ, ದಿನಗಟ್ಟಲೆ ಹರಿದು ಬಂತು. ಅಡಿಕೆ ತೋಟ, ತೆಂಗಿನ ಮರ, ಬಾವಿ, ನಾಗಬನ ಎಲ್ಲ ಅಡಿಗೆ ಹೋಯ್ತು. 27 ಕುಟುಂಬಗಳು ಮನೆ ಬಿಟ್ಟವು. ಪ್ರವಾಹ ಬಂದ್ರೆ ನೀರು ಇಳಿದ ಮೇಲೆ ವಾಪಸು ಹೋಗಬಹುದು. ನಮ್ಮ ಕಡೆ 1974ರ ನೆರೆ ಕಂಡವರು ಈಗಲೂ ಅದರ ಕಥೆ ಹೇಳ್ತಾರೆ, ಅವರೆಲ್ಲ ವಾಪಸು ಬಂದು ಮನೆ ತೊಳೆದವರೇ. ಕಸದ ಅಡಿಯಲ್ಲಿ ಹೋದ ತೋಟಕ್ಕೆ ಹಾಗೆ ವಾಪಸು ಹೋಗ್ಲಿಕ್ಕೆ ಆಗ್ಲಿಲ್ಲ.

ಮಂದಾರದವರು ಆ ಕಸ ಮಾಡಿದವರಲ್ಲ. ಇದನ್ನು ಎರಡು ಸಲ ಓದಿ.

ನಮ್ಮ ತಾಲೂಕಿನಲ್ಲೂ ಬಂಟ್ವಾಳ ಪುರಸಭೆಯ ಕಸಕ್ಕೆ ಕಂಚಿನಡ್ಕಪದವಿನಲ್ಲಿ ಜಾಗ ಮಾಡ್ಲಿಕ್ಕೆ ಹೊರಟಾಗ ಅಲ್ಲಿಯವರು ವರ್ಷಗಟ್ಟಲೆ ವಿರೋಧ ಮಾಡಿದ್ರು. ಮೊದಲು ನನಗೆ ಅವರ ಮೇಲೆ ಸಿಟ್ಟು ಬರ್ತಿತ್ತು, ಎಲ್ಲಾದ್ರೂ ಒಂದು ಕಡೆ ಹಾಕ್ಬೇಕಲ್ಲ ಅಂತ. ಮಂದಾರದ ಫೋಟೋ ನೋಡಿದ ಮೇಲೆ ಬರುವುದಿಲ್ಲ. ಬೇರ್ಪಡಿಸದ ಕಸ ತರುವ ಲಾರಿಯನ್ನು ನಂಬ್ಲಿಕ್ಕೆ ಅವರಿಗೆ ಕಾರಣ ಎಂತ ಉಂಟು ಹೇಳಿ?

ಭಾಗ 8: ಒಂದು ಪಂಚಾಯತ್‌ನಿಂದ ಯಾಕೆ ಆಗುವುದಿಲ್ಲ

ಈಗ ಕಾಸ್ಟಿಂಗ್ ಕ್ಲಾಸ್. ಕೆಳಗಿನ ಅಂಕಿಗಳು ನಾನೇ ಉದಾಹರಣೆಗೆ ಹಾಕಿದ್ದು, ಯಾವ ಪಂಚಾಯತ್‌ನದ್ದೂ ಅಲ್ಲ.

ಒಂದು ಊರಲ್ಲಿ 1,000 ಮನೆ ಅಂತ ಇಟ್ಟುಕೊಳ್ಳಿ. ತಿಂಗಳಿಗೆ ಮನೆಗೆ 50 ರೂಪಾಯಿ ಶುಲ್ಕ. ಎಲ್ರೂ ಕೊಟ್ರೆ 50,000. ಗಾಡಿ ಓಡಿಸುವವರು ಒಬ್ರು, ಜೊತೆಗೆ ಒಬ್ರು, ಡೀಸೆಲ್, ರಿಪೇರಿ, ಶೆಡ್ಡಿನ ಕರೆಂಟು, ಎಲ್ಲ ಸೇರಿ ಹೆಚ್ಚುಕಮ್ಮಿ ಅಷ್ಟೇ ಬರ್ತದೆ ಅಂತ ಹೇಳುವ. ಆದ್ರೆ ಕೊಡುವುದು 300 ಮನೆ ಮಾತ್ರ ಅಂದ್ರೆ 15,000. ಗಾಡಿ ಮಾತ್ರ ಪೂರ್ತಿ ಸುತ್ತು ಓಡಲೇಬೇಕು, ಯಾಕಂದ್ರೆ ಕೊಡುವ ಮನೆಗಳು ಒಂದೇ ರಸ್ತೆಯಲ್ಲಿಲ್ಲ. ಇದಕ್ಕೇ ಫಿಕ್ಸ್‌ಡ್ ಕಾಸ್ಟ್ ಅನ್ನುವುದು. ಪರೀಕ್ಷೆಯಲ್ಲಿ ಬರೆದು ಮರೆತಿರ್ತೀರಿ.

ಇನ್ನು ಮಾರುವ ಕಥೆ. ಒಂದು ಊರಿನ ಒಂದು ತಿಂಗಳ ಹಾಲಿನ ಪ್ಯಾಕೆಟ್ಟು ನೋಡ್ಲಿಕ್ಕೆ ದೊಡ್ಡ ರಾಶಿ, ತೂಕ ಮಾತ್ರ ಇಲ್ಲ. ಲಾರಿಗೆ ತುಂಬಿಸಿದ್ರೆ ಹೆಚ್ಚಿನದ್ದು ಗಾಳಿ. ಬಾಡಿಗೆ ಕೊಟ್ಟು ಗಾಳಿ ಸಾಗಿಸಿದ ಹಾಗೆ. ಅದನ್ನು ಒತ್ತಿ ಗಟ್ಟಿ ಮೂಟೆ ಮಾಡುವ ಬೇಲಿಂಗ್ ಮೆಷಿನ್ ಬೇಕು. ಒಂದು ಸಣ್ಣ ಪಂಚಾಯತ್ ಅಂಥ ಮೆಷಿನ್ ತಂದ್ರೆ ಅದು ತಿಂಗಳಲ್ಲಿ ಹೆಚ್ಚು ದಿನ ಸುಮ್ಮನೆ ಕೂರ್ತದೆ.

ಹಾಗಾಗಿ ಎಷ್ಟೋ ಕಡೆ ಒಳ್ಳೆ ಮನಸ್ಸಿನಿಂದ ಶೆಡ್ ಕಟ್ಟಿ, ರಿಬ್ಬನ್ ಕಟ್ ಮಾಡಿ, ಆರು ತಿಂಗಳಲ್ಲಿ ಶೆಡ್ಡು ತುಂಬಿ ಬಾಗಿಲು ಹಾಕಿದ್ದು. ಕಳ್ಳತನ ಆದದ್ದೇ ಅಂತ ಅಂದ್ಕೊಳ್ಬೇಡಿ. ಲೆಕ್ಕವೇ ಕೂಡಿಬರುವುದಿಲ್ಲ.

ಪರಿಹಾರ ಸಹ ಅದೇ ಲೆಕ್ಕದಲ್ಲಿ ಉಂಟು. ಹತ್ತಾರು ಪಂಚಾಯತ್ ಸೇರಿ ಒಂದು ಮೆಷಿನ್ ಇಟ್ಟುಕೊಂಡರೆ? ಹಾಲಿನ ಸೊಸೈಟಿಗಳು ಅದನ್ನೇ ಅಲ್ವಾ ಮಾಡುವುದು? ಎರಡು ಲೀಟರ್ ಹಾಲು ಇರುವವರು ಒಬ್ಬೊಬ್ಬರೇ ಪ್ಯಾಕಿಂಗ್ ಫ್ಯಾಕ್ಟರಿ ಕಟ್ಟುವುದಿಲ್ಲ, ಎಲ್ರೂ ಡೈರಿಗೆ ಹಾಕ್ತಾರೆ.

ಭಾಗ 9: ನಿಟ್ಟೆಯಿಂದ ನರಿಕೊಂಬಿಗೆ

ಈ ಯೋಚನೆಯನ್ನು ಮೊದಲು ಮಾಡಿ ತೋರಿಸಿದ್ದು ನಮ್ಮ ಪಕ್ಕದ ಉಡುಪಿ ಜಿಲ್ಲೆ. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣಕಸ ನಿಭಾಯಿಸುವ ಘಟಕ ಎದ್ದಿತು. ಇದಕ್ಕೆ ಎಂಆರ್‌ಎಫ್ ಅಂತಾರೆ. ಸುತ್ತಲಿನ ಹತ್ತಾರು ಪಂಚಾಯತ್‌ಗಳ ಒಣಕಸ ಅಲ್ಲಿಗೆ. ಜಿಲ್ಲಾ ಪಂಚಾಯತ್ ಜೊತೆ ಬೆಂಗಳೂರಿನ ಸಾಹಸ್ ಸಂಸ್ಥೆ ಕೈಜೋಡಿಸಿತು. ಹಳ್ಳಿಗಳಿಗೋಸ್ಕರ ಇಂಥದ್ದು ರಾಜ್ಯದಲ್ಲೇ ಮೊದಲು.

ಆಮೇಲೆ ನಮ್ಮ ದಕ್ಷಿಣ ಕನ್ನಡ. ಮಂಗಳೂರು ತಾಲೂಕಿನ ತೆಂಕ ಎಡಪದವು, ಬೆಳ್ತಂಗಡಿಯ ಉಜಿರೆ, ಪುತ್ತೂರಿನ ಕೆದಂಬಾಡಿ, ಮತ್ತೆ ಬಂಟ್ವಾಳ ತಾಲೂಕಿಗೆ ನಮ್ಮ ನರಿಕೊಂಬು. ಹೌದು, ಹೊಳೆಗೆ ಚೀಲ ಬಿಸಾಡಿದ ನನ್ನದೇ ಊರು.

ಇಂಥ ಘಟಕದಲ್ಲಿ ನಡೆಯುವುದು ಎಂತ? ಪಂಚಾಯತ್‌ಗಳ ಶೆಡ್ಡಿನಿಂದ ಬಂದ ಒಣಕಸವನ್ನು ಮೊದಲು ತೂಕ ಮಾಡ್ತಾರೆ. ಮತ್ತೆ ಕನ್ವೇಯರ್ ಬೆಲ್ಟ್ ಮೇಲೆ ಬಿಡ್ತಾರೆ. ಎರಡೂ ಬದಿ ನಿಂತವರು ಕೈಯಲ್ಲಿ ಬೇರೆ ಬೇರೆ ಮಾಡ್ತಾರೆ: ಹಾಲಿನ ಪ್ಯಾಕೆಟ್ ಒಂದು ಕಡೆ, ನೀರಿನ ಬಾಟ್ಲಿ ಒಂದು ಕಡೆ, ರಟ್ಟು, ಗಾಜು, ಚಪ್ಪಲಿ ಹೀಗೆ. ಬೆಲೆ ಇರುವುದು ಮೂಟೆಯಾಗಿ ಮರುಬಳಕೆಯ ಫ್ಯಾಕ್ಟರಿಗೆ. ಚಿಪ್ಸ್ ಪ್ಯಾಕೆಟ್ಟಿನಂತಹ ಬೆಲೆ ಇಲ್ಲದ್ದು ಸಿಮೆಂಟ್ ಫ್ಯಾಕ್ಟರಿಯ ಕುಲುಮೆಗೆ, ಕಲ್ಲಿದ್ದಲಿನ ಬದಲು. ಇದು ಕಸಕ್ಕೆ ಪೂರ್ತಿ ಪರಿಹಾರ ಅಲ್ಲ. ಆದ್ರೆ ಅಜ್ಜಿಯ ಬಚ್ಚಲೊಲೆಗಿಂತ ಅಲ್ಲಿಯ ಶಾಖ ಎಷ್ಟೋ ಪಾಲು ಹೆಚ್ಚು, ಹೊಗೆಗೂ ಲೆಕ್ಕ ಕೊಡ್ಬೇಕು.

ಬೆಲ್ಟಿನ ಪಕ್ಕ ನಿಂತು ಕೆಲಸ ಮಾಡುವವರ ಕೈ ನೆನಪು ಮಾಡಿಕೊಳ್ಳಿ. ನೀವು ಕಟ್ಟಿಕೊಟ್ಟ ಚೀಲದಲ್ಲಿ ಸಾರು ಅಂಟಿದ ಪ್ಯಾಕೆಟ್, ಒಡೆದ ಬಲ್ಬು, ಸುತ್ತದೆ ಹಾಕಿದ ಪ್ಯಾಡ್ ಇದ್ರೆ ಅದನ್ನು ಒಬ್ಬರು ಕೈಯಲ್ಲೇ ಎತ್ತಬೇಕು.

ಇನ್ನೊಂದು ಖುಷಿಯ ವಿಷಯ. ರಾಜ್ಯದಲ್ಲಿ ಎಷ್ಟೋ ಪಂಚಾಯತ್‌ಗಳ ಸ್ವಚ್ಛ ವಾಹಿನಿ ಗಾಡಿ ಓಡಿಸುವುದು ಸಂಜೀವಿನಿ ಒಕ್ಕೂಟದ ಹೆಂಗಸರು. ಅವರಿಗೆ ಡ್ರೈವಿಂಗ್ ಕಲಿಸಿ ಲೈಸೆನ್ಸ್ ಮಾಡಿಸಿಕೊಡುವ ತರಬೇತಿ ಸಹ ನಡೆದಿದೆ. ಇಂಥ ಸ್ವಉದ್ಯೋಗ ತರಬೇತಿಗೆ ದೇಶದಲ್ಲೇ ಮಾದರಿಯಾದ ರುಡ್‌ಸೆಟ್ ಹುಟ್ಟಿದ್ದು 1982ರಲ್ಲಿ, ಇಲ್ಲೇ ಉಜಿರೆಯಲ್ಲಿ. ಜನಗಣತಿಯ ಲೆಕ್ಕಕ್ಕೆ ಬಾರದ ಹೆಂಗಸರು ಈಗ ಊರಿನ ಕಸದ ಲೆಕ್ಕ ಹಿಡಿದಿದ್ದಾರೆ.

ಭಾಗ 10: ಆ ಚೀಲ ಎಲ್ಲಿಗೆ ಹೋಯ್ತು

ನನ್ನ ಚೀಲಕ್ಕೆ ವಾಪಸು ಬರ್ತೇನೆ.

ಪಾಣೆಮಂಗಳೂರಿನಿಂದ ನೇತ್ರಾವತಿ ಪಡುವಣಕ್ಕೆ ಹರಿದು ತುಂಬೆಗೆ ಹೋಗ್ತದೆ. ತುಂಬೆಯಲ್ಲಿ ಕಿಂಡಿ ಅಣೆಕಟ್ಟು ಉಂಟು, ಮಂಗಳೂರು ನಗರ ಕುಡಿಯುವ ನೀರು ಅಲ್ಲಿಂದಲೇ. ಬೇಸಗೆಯಲ್ಲಿ ತುಂಬೆಯ ಮಟ್ಟ ಇಳಿದ್ರೆ ನಮ್ಮ ಶಂಭೂರಿನ ಅಣೆಕಟ್ಟಿನ ನೀರನ್ನು ಕೆಳಗೆ ಬಿಡುವ ಮಾತು ಪೇಪರಲ್ಲಿ ಬರ್ತದಲ್ಲ, ಆ ನೀರು.

ನನ್ನ ಚಿಕ್ಕಮ್ಮನ ಮನೆ ಮಂಗಳೂರಲ್ಲಿ. ಬರ್ತ್‌ಡೇಗೆ ಅವರೂ ಬಂದಿದ್ರು, ಅದೇ ಪ್ಲಾಸ್ಟಿಕ್ ಗ್ಲಾಸಲ್ಲಿ ಜ್ಯೂಸ್ ಕುಡಿದಿದ್ರು. ಅವರು ಮನೆಗೆ ಹೋಗಿ ನಲ್ಲಿ ತಿರುಗಿಸಿದ ನೀರಿಗೆ ನಾನು ಅವರದ್ದೇ ಗ್ಲಾಸನ್ನು ಕಳಿಸಿಕೊಟ್ಟಿದ್ದೆ. ಇದು ನೆನಪಾದಾಗೆಲ್ಲ ಈಗಲೂ ನಾಚಿಕೆ ಆಗ್ತದೆ.

ಈ ಹತ್ತು ಭಾಗಗಳಲ್ಲಿ ನಾನು ಹೇಳಿದ್ದು ಇಷ್ಟೇ. ಕಾಯ್ದೆ ಬರ್ಲಿಕ್ಕೆ ಒಬ್ಬರು ಕೋರ್ಟಿಗೆ ಹೋದರು. ಪಂಚಾಯತ್‌ಗೆ ಅಧಿಕಾರ ಬರ್ಲಿಕ್ಕೆ ಒಬ್ಬ ಮಂತ್ರಿ ದುಡಿದರು. ಪಕ್ಕದ ಜಿಲ್ಲೆ ದಾರಿ ತೋರಿಸಿತು. ಬೆಲ್ಟ್, ಮೆಷಿನ್, ಗಾಡಿ, ಡ್ರೈವರಕ್ಕ ಎಲ್ಲ ಬಂದರು. ಇನ್ನು ಬಾಕಿ ಇರುವುದು ನಮ್ಮ ಮನೆಯ ಅಡುಗೆಕೋಣೆ. ಅಲ್ಲಿ ಹಸಿಕಸ ಒಣಕಸ ಒಂದೇ ಬಕೆಟ್ಟಿಗೆ ಬಿದ್ರೆ ಇಷ್ಟು ವರ್ಷದ ಕೆಲಸ ಅಲ್ಲಿಗೇ ಹಾಳು.

ಹಾಗಾಗಿ ನಿಮಗೆ ನಾಲ್ಕು ಕೆಲಸ.

ಒಂದು, ಹಸಿಕಸ ಮನೆಯಲ್ಲೇ ಮುಗಿಸಿ. ತೆಂಗಿನ ಬುಡ, ಬಾಳೆ ಬುಡ, ಫ್ಲ್ಯಾಟಲ್ಲಿದ್ರೆ ಒಂದು ತೂತು ಮಡಕೆ. ಇದು ಅಜ್ಜಿಗೆ ಗೊತ್ತಿರುವ ವಿದ್ಯೆ, ಅವರನ್ನೇ ಕೇಳಿ.

ಎರಡು, ಹಾಲಿನ ಪ್ಯಾಕೆಟ್ಟು ತೊಳೆದು ಒಣಗಿಸಿ ಕೊಡಿ. ಪ್ಯಾಡ್, ಡೈಪರ್ ಪೇಪರಲ್ಲಿ ಸುತ್ತಿ ಬೇರೆಯೇ ಇಡಿ. ಬಚ್ಚಲೊಲೆಗೆ ಮಡಲು, ಸೌದೆ ಮಾತ್ರ.

ಮೂರು, ಶುಲ್ಕ ಕೊಡಿ. ಮೇಲಿನ ಲೆಕ್ಕ ನೋಡಿದ್ದೀರಿ, 300 ಮನೆಗೂ 1,000 ಮನೆಗೂ ಎಷ್ಟು ವ್ಯತ್ಯಾಸ ಅಂತ. ಒಂದು ಪ್ಲೇಟ್ ಗೋಬಿ ಮಂಚೂರಿಯ ದುಡ್ಡು.

ನಾಲ್ಕು, ಗ್ರಾಮ ಸಭೆಗೆ ಹೋಗಿ. ನಿಮಗೆ 18 ಆಗಿ ವೋಟರ್ ಲಿಸ್ಟಲ್ಲಿ ಹೆಸರಿದ್ರೆ ನೀವೂ ಅದರ ಸದಸ್ಯರೇ, ಯಾರ ಪರ್ಮಿಶನ್ನೂ ಬೇಡ. "ನಮ್ಮ ಒಣಕಸ ತಿಂಗಳಿಗೆ ಎಷ್ಟು ಕಿಲೋ ಹೋಗ್ತದೆ, ಎಷ್ಟು ಮನೆ ಶುಲ್ಕ ಕೊಡ್ತದೆ, ಗಾಡಿಯವರ ಸಂಬಳ ತಿಂಗಳು ತಿಂಗಳು ಆಗ್ತದಾ?" ಈ ಮೂರು ಪ್ರಶ್ನೆ ಸಾಕು. ಜಗಳ ಮಾಡ್ಲಿಕ್ಕೆ ಅಲ್ಲ, ಲೆಕ್ಕ ಕೇಳುವವರು ಇದ್ದಾರೆ ಅಂತ ಗೊತ್ತಾಗ್ಲಿಕ್ಕೆ.

ಕಳೆದ ತಿಂಗಳು ಅಜ್ಜಿ ಬಚ್ಚಲೊಲೆಗೆ ಒಂದು ಬ್ರೆಡ್ ಕವರ್ ಹಾಕ್ಲಿಕ್ಕೆ ಹೊರಟಿದ್ರು. ನಾನು ಕೈ ಹಿಡಿದೆ. "ಮತ್ತೆ ಇದನ್ನು ಎಂತ ಮಾಡುವುದು?" ಅಂತ ಕೇಳಿದ್ರು. ಪಿಯುಸಿಯಲ್ಲಿ ಆ ಪ್ರಶ್ನೆಗೆ ನನ್ನತ್ರ ಉತ್ತರ ಇರಲಿಲ್ಲ. ಈಗ ಬಾಗಿಲ ಹಿಂದೆ ಒಂದು ಗೋಣಿ ನೇತುಹಾಕಿದ್ದೇವೆ. ಗಾಡಿಯ ಹಾಡು ಕೇಳಿದ ಕೂಡಲೇ ಅಜ್ಜಿಯೇ ಎದ್ದು ಹೋಗಿ ಡ್ರೈವರಕ್ಕನ ಕೈಗೆ ಕೊಡ್ತಾರೆ, ಎರಡು ಮಾತಾಡಿ ಬರ್ತಾರೆ.

ನಿಮ್ಮ ಪಂಚಾಯತ್ ಯಾವುದು, ಅಲ್ಲಿಯ ಒಣಕಸ ಎಲ್ಲಿಗೆ ಹೋಗ್ತದೆ, ಕಮೆಂಟಲ್ಲಿ ಬರೆಯಿರಿ. ಗೊತ್ತಿಲ್ಲದಿದ್ರೆ ಕೇಳಿ ಬಂದು ಬರೆಯಿರಿ. ನಾನು ಎಲ್ಲ ಓದ್ತೇನೆ.

#ನರಿಕೊಂಬು #ಬಂಟ್ವಾಳ #ನೇತ್ರಾವತಿ #ನಮ್ಮ_ಪಂಚಾಯತ್ #ಒಣಕಸ_ಹಸಿಕಸ